ಹದಿನಾಲ್ಕು ಚೀಲ ಬೀಜ, ಒಂದು ಮಾರು ತಂತಿ

ನವೆಂಬರ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರ ಹಿಂದಿನ ಶೆಡ್ಡು. ಹಾಜರಿದ್ದವರು ಮೂವರು: ನಾನು, ನನಗಿಂತ ಆರು ವರ್ಷ ದೊಡ್ಡವಳಾದ ನನ್ನ ಅಕ್ಕ, ಭತ್ತ ಒಣಗಿಸುವ ಡ್ರೈಯರ್ ನೋಡಿಕೊಳ್ಳುವ ದುಂಡಸಿಯ ಮಿಸ್ತ್ರಿ. ಅಕ್ಕನ ಹದಿನಾಲ್ಕು ಚೀಲ ಒದ್ದೆ ಭತ್ತವನ್ನೂ ನನ್ನ ವಹಿಯಲ್ಲಿ ಹಾಜರಿಯ ಸಾಲಿಗೇ ಬರೆದುಕೊಂಡಿದ್ದೇನೆ. ಆ ದಿನ ನಡೆದದ್ದೆಲ್ಲ ಅದರ ಸಲುವಾಗಿ.

ಅದು ತಿನ್ನುವ ಭತ್ತವಲ್ಲ, ಬೀಜದ ಭತ್ತ. ಕೆಂಪು ಅಕ್ಕಿಯ ಹಳೆಯ ತಳಿ. ಮೊಣಕಾಲು ನೀರು ವಾರಗಟ್ಟಲೆ ನಿಂತರೂ ಕೊಳೆಯುವುದಿಲ್ಲ. ಅಕ್ಕನ ಊರಿನಲ್ಲಿ ಕೆರೆಯ ಕೆಳಗಿನ ಎಂಟು ಮನೆಯವರು ಪ್ರತಿ ವರ್ಷ ಬೀಜಕ್ಕೆ ಅವಳ ಮನೆಗೇ ಬರುತ್ತಾರೆ. ಬೇರೆ ಯಾರೂ ಅದನ್ನು ಉಳಿಸಿಕೊಂಡಿಲ್ಲ. ಈ ಸಲ ಕೊಯ್ದು ಹಾಕಿದ ಪೈರಿನ ಮೇಲೆ ಎರಡು ದಿನ ಮಳೆ ಬಿತ್ತು. ಭಾನುವಾರ ಒದ್ದೆಯಲ್ಲೇ ಒಕ್ಕಿಸಿ ಚೀಲ ತುಂಬಿದ್ದರು. ಸೋಮವಾರವೂ ಬಿಸಿಲಿರಲಿಲ್ಲ.

"ಕೈ ಹಾಕಿ ನೋಡ" ಎಂದಳು ಅಕ್ಕ.

ಮೊಣಕೈವರೆಗೆ ತೂರಿಸಿದೆ. ಒಳಗೆ ಕರುವಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು. ಅಂದರೆ ಚೀಲದೊಳಗೇ ಮೊಳಕೆಯ ಕೆಲಸ ಶುರುವಾಗಿದೆ. ಸಂಜೆಯೊಳಗೆ ಒಣಗದಿದ್ದರೆ ಮುಂದಿನ ವರ್ಷ ಆ ತಳಿ ಇಲ್ಲ.

ಡ್ರೈಯರ್ ಅಲ್ಲೇ ನಿಂತಿತ್ತು, ಓಡುತ್ತಲೂ ಇತ್ತು. ಆದರೆ ಅದನ್ನು ಇಟ್ಟಿದ್ದು ಐವತ್ತೈದು ಡಿಗ್ರಿಗೆ. ಅಕ್ಕಿ ಮಾಡುವ ಭತ್ತಕ್ಕೆ ಅದು ಸರಿ. ಬೀಜಕ್ಕೆ ನಲವತ್ತು ದಾಟಬಾರದು. ದಾಟಿದರೆ ಭತ್ತ ನೋಡಲು ಹಾಗೇ ಇರುತ್ತದೆ, ಅನ್ನವೂ ಆಗುತ್ತದೆ, ಬಿತ್ತಿದರೆ ಮಾತ್ರ ಏಳುವುದಿಲ್ಲ. ಡಿಗ್ರಿ ಬದಲಿಸುವ ಪರದೆ ಶನಿವಾರದ ಸಿಡಿಲಿಗೆ ಸತ್ತಿತ್ತು. ಬೇರೆ ಗುಂಡಿ, ತಿರುವಣಿ ಯಾವುದೂ ಇಲ್ಲ.

"ಬೆಂಕಿ ಆರ್ಸಿ ಬರೇ ಗಾಳಿ ಬಿಡೂನೇನ್ರಿ, ಬಾಯಾರ?" ಎಂದ ಮಿಸ್ತ್ರಿ. ನಾನು ಒಂದು ದಿನವೂ ಶಾಲೆಯಲ್ಲಿ ಕಲಿಸಿದವಳಲ್ಲ, ಆದರೂ ಅವನಿಗೆ ನಾನು ಬಾಯಾರು.

"ಈ ಹವಾದಾಗ ಬರೇ ಗಾಳಿ ಬಿಟ್ರ ಇನ್ನಷ್ಟು ತೊಯ್ತೈತಿ" ಎಂದೆ.

"ಹಂಗಾರ ನಾನ ಮುಂದ ನಿಂತು ಬರ್ನರ್ ಹಚ್ಚೂದು, ಆರ್ಸೂದು ಮಾಡ್ತೇನ್ರಿ."

"ನೀ ಬೀಡಿ ಸೇದಾಕ ಹೋದಾಗ ಯಾರ ಆರಸ್ತಾರಪಾ?" ಎಂದಳು ಅಕ್ಕ. ಮಿಸ್ತ್ರಿ ನಕ್ಕ.

ಉಳಿದ ದಾರಿ ಒಂದೇ. ಅದಕ್ಕಾಗಿಯೇ ನಾನು ಸವಣೂರಿನಿಂದ ಮೊದಲ ಬಸ್ಸಿಗೆ ಹೊರಟು, ಹಾನಗಲ್ಲಿನಲ್ಲಿ ಬಸ್ ಬದಲಿಸಿ ಬಂದದ್ದು. ಡ್ರೈಯರಿನ ಪಕ್ಕದ ತಗಡಿನ ಡಬ್ಬಿಯಲ್ಲಿ ಅಂಗೈಯಗಲದ ಒಂದು ಬೋರ್ಡು ಇದೆ. ಅದು ಸಣ್ಣ ಕಂಪ್ಯೂಟರು, ಲಿನಕ್ಸ್ ಮೇಲೆ ಓಡುತ್ತದೆ. ಶಾಖ ಅಳೆಯುವುದು, ಬರ್ನರ್ ಹಚ್ಚುವುದು, ಆರಿಸುವುದು ಎಲ್ಲ ಅದೇ. ಪರದೆ ಸತ್ತರೂ ಬೋರ್ಡಿಗೆ ಇನ್ನೊಂದು ಬಾಯಿ ಇದೆ: ಡಬ್ಬಿಯ ಬದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಚೌಕ ತೂತು. ಲ್ಯಾಪ್‌ಟಾಪಿನಿಂದ ಒಂದು ಮಾರು ತಂತಿ ಎಳೆದು ಅಲ್ಲಿಗೆ ಚುಚ್ಚಿದರೆ ಅದರೊಡನೆ ನೇರ ಮಾತಾಡಬಹುದು. ಆ ಬೋರ್ಡನ್ನು ಮಾರ್ಚಿನಲ್ಲಿ ಕೂರಿಸಿದವಳು, ಡಬ್ಬಿಗೆ ತೂತು ಕೊರೆದವಳು ನಾನೇ.

ನನ್ನ ವಿಷಯ ಎರಡು ಮಾತು. ಇಪ್ಪತ್ತನೆಯ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಪರ ಊರಿನ ಕರೆಗಳನ್ನು ಕೈಯಿಂದ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕುಳಿತೆ. ಬೆಳಿಗ್ಗೆ ಏಳಕ್ಕೆ ಪಾಳಿ, ಆರು ಐವತ್ತಕ್ಕೆ ಹಾಜರಿ. ಮೊದಲ ಹತ್ತು ನಿಮಿಷ ತಂತಿಯ ತುದಿಗಳನ್ನು, ಅವು ಕೂರುವ ತೂತುಗಳನ್ನು ಒಣ ಬಟ್ಟೆಯಿಂದ ಒರೆಸಬೇಕು. ಒರೆಸದೆ ಮೊದಲ ಕರೆ ಮುಟ್ಟುವಂತಿಲ್ಲ. ಮೇಲ್ವಿಚಾರಕಿ ಬಿಳಿ ಕರವಸ್ತ್ರ ತೂರಿಸಿ ನೋಡುತ್ತಿದ್ದರು. ತುದಿ ಸರಿಯಾಗಿ ಕೂತರೆ ಟಕ್ ಎನ್ನುತ್ತಿತ್ತು, ಆಮೇಲೆ ದೀಪ. ಟ್ರಂಕ್ ಬೋರ್ಡು ಹೋದ ಮೇಲೆ ಪರೀಕ್ಷೆ ಕಟ್ಟಿ ತಾಂತ್ರಿಕ ವಿಭಾಗಕ್ಕೆ ಬಂದೆ, ಅಲ್ಲೇ ಲಿನಕ್ಸ್ ಕಲಿತೆ. ನಿವೃತ್ತಿಯ ನಂತರ ಹಿರೇಕೆರೂರಿನ ಒಂದು ಯಂತ್ರದಂಗಡಿಗೆ ಕೆಲಸ ಮಾಡುತ್ತೇನೆ. ಗೋವಿನಜೋಳದ್ದು, ಭತ್ತದ್ದು ಸೇರಿ ನಾಲ್ಕು ತಾಲೂಕಿನಲ್ಲಿ ಹನ್ನೊಂದು ಡ್ರೈಯರ್ ನನ್ನ ಉಸ್ತುವಾರಿಯಲ್ಲಿವೆ.

ಕೆಲಸಕ್ಕೆ ಕುಳಿತೆ. ಲ್ಯಾಪ್‌ಟಾಪನ್ನು ಬೋರಲು ಹಾಕಿದ ಡ್ರಮ್ಮಿನ ಮೇಲಿಟ್ಟೆ. ವೈಫೈ ಆರಿಸಿದೆ. ತಂತಿಯ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಡಬ್ಬಿಗೆ. ಈ ತಂತಿಯ ಮೇಲೆ ಇಬ್ಬರೇ ಇರುವಾಗ ವಿಳಾಸ ಹಂಚುವವರು ಯಾರೂ ಇರುವುದಿಲ್ಲ, ನಾವೇ ಕೊಡಬೇಕು. ನಾಲ್ಕು ಸಂಖ್ಯೆಯ ವಿಳಾಸ, ಮೊದಲ ಮೂರು ಇಬ್ಬರಿಗೂ ಒಂದೇ, ಕೊನೆಯದು ಬೇರೆ. ಒಂದೇ ಎಕ್ಸ್‌ಚೇಂಜಿನ ಎರಡು ಮನೆ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ನನ್ನ ಹನ್ನೊಂದು ಬೋರ್ಡುಗಳಿಗೂ ಕೊನೆಯ ಸಂಖ್ಯೆ ಐವತ್ತು, ನನ್ನ ಲ್ಯಾಪ್‌ಟಾಪಿಗೆ ಹತ್ತು. ಅಂಗಡಿಯ ಹುಡುಗಿಯರು ಇದಕ್ಕೆ ನಗುತ್ತಾರೆ. ಆದರೆ ನಾನು ಯಾವ ಊರಿಗೆ ಹೋದರೂ ವಿಳಾಸ ಹುಡುಕಬೇಕಾಗಿ ಬಂದಿಲ್ಲ.

ಪಿಂಗ್ ಕಳಿಸಿದೆ. ಪಿಂಗ್ ಎಂದರೆ ಬಾಗಿಲು ಬಡಿದು 'ಇದ್ದೀರಾ' ಎಂದು ಕೇಳುವುದು. ಉತ್ತರವಿಲ್ಲ. ಲ್ಯಾಪ್‌ಟಾಪಿನ ತೂತಿನ ಬಳಿಯ ಹಸಿರು ದೀಪವೂ ಹತ್ತಿರಲಿಲ್ಲ.

ದೀಪ ಹತ್ತದಿದ್ದರೆ ಮೊದಲು ತಂತಿ ನೋಡಬೇಕು. ಚೀಲದಲ್ಲಿದ್ದ ಎರಡನೆಯ ತಂತಿ ಹಾಕಿದೆ. ಇಲ್ಲ. ಎರಡನ್ನೂ ಪರೀಕ್ಷಕದಲ್ಲಿಟ್ಟೆ, ಎಂಟೆಂಟು ಎಳೆಗಳೂ ಸರಿ. ಆಮೇಲೆ ಲ್ಯಾಪ್‌ಟಾಪು. ಅದನ್ನು ಎತ್ತಿಕೊಂಡು ಗಿರಣಿಯ ಕಚೇರಿಗೆ ಹೋಗಿ ಅಲ್ಲಿನ ರೌಟರಿಗೆ ಅದೇ ತಂತಿ ಚುಚ್ಚಿದೆ. ತಕ್ಷಣ ಹಸಿರು ದೀಪ. ಹತ್ತೂ ನಲವತ್ತಕ್ಕೆ ಶೆಡ್ಡಿಗೆ ಮರಳಿ ತೀರ್ಪು ಹೇಳಿದೆ:

"ಬೋರ್ಡು ಸುಟ್ಟೈತಿ. ಪರದಿ ಹೋದ ಸಿಡಲಿಗೇ ಇದೂ ಹೋಗೈತಿ."

ಹೊಸ ಬೋರ್ಡು ಹಿರೇಕೆರೂರಿನಲ್ಲಿತ್ತು. ಹೋಗಿ ಬಂದು ಕೂರಿಸುವಷ್ಟರಲ್ಲಿ ಸಂಜೆ. ಮಿಸ್ತ್ರಿಯ ಮುಖ ಸಡಿಲವಾಯಿತು. ಸಿಡಿಲಿನದು ತಪ್ಪು ಎಂದಾದರೆ ಅವನದೇನೂ ಇಲ್ಲ. ಅಕ್ಕ ಚೀಲದ ಮೇಲೆ ಕುಳಿತಿದ್ದಳು, ಏಳಲಿಲ್ಲ.

"ಸುಟ್ಟೈತಿ ಅಂತೀ. ಸುಟ್ಟಿದ್ರ ಬೆಂಕಿ ಹೆಂಗ ತಾನ ಹತ್ತಿ ತಾನ ಆರಾಕತ್ತೈತಿ? ನಾ ಬಂದಾಗಿಂದ ಅದನ್ನ ನೋಡಾಕತ್ತೇನಿ."

ನಾನು ತಿರುಗಿ ನೋಡಿದೆ. ಡ್ರೈಯರಿನಲ್ಲಿ ಗಿರಣಿಯ ಭತ್ತದ ಕೊನೆಯ ಲಾಟು ಒಣಗುತ್ತಿತ್ತು. ಬರ್ನರ್ ಹತ್ತಿತು. ಸ್ವಲ್ಪ ಹೊತ್ತಿಗೆ ಆರಿತು. ಮತ್ತೆ ಹತ್ತಿತು. ಮಿಸ್ತ್ರಿ ಮುಟ್ಟಿರಲಿಲ್ಲ. ಐವತ್ತೈದನ್ನು ಯಾರೋ ಕಾಯುತ್ತಿದ್ದರು, ಆ ಕೆಲಸ ಬೋರ್ಡಿನದು ಮಾತ್ರ. ಅದು ಬದುಕಿತ್ತು. ನಮ್ಮ ಮಾತು ಅದರ ಕಿವಿಗೆ ಮುಟ್ಟುತ್ತಿರಲಿಲ್ಲ, ಅಷ್ಟೆ.

"ನನ್ನ ಮಗಳನ್ನ ಹಡದಾಗ ನಮ್ಮನಿಯವರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದೆ, ಈಕಿ ಕೂತ ಆಫೀಸಿನ್ಯಾಗ" ಎಂದು ಅಕ್ಕ ಮಿಸ್ತ್ರಿಗೆ ಹೇಳಿದಳು. "ಆಕಿಗೇ ಈಗ ಮೊಮ್ಮಕ್ಕಳಾಗ್ಯಾವ. ಕಾಲ್ ಇನ್ನಾ ಹತ್ತಿಲ್ಲ."

"ಅವತ್ತು ನನ್ನ ಪಾಳಿ ಇರಲಿಲ್ಲ" ಎಂದೆ. ಇದು ನಾನು ಕೊಡುತ್ತ ಬಂದಿರುವ ಹಳೆಯ ಉತ್ತರ, ನಿಜವೂ ಹೌದು.

ಹನ್ನೊಂದಕ್ಕೆ ಚಹಾದ ಸಲುವಾಗಿ ಗಿರಣಿ ನಿಂತಿತು. ಅಲ್ಲಿಯವರೆಗೆ ಅದರ ಸದ್ದಿನಲ್ಲಿ ನಾವು ಕೂಗಿಯೇ ಮಾತಾಡುತ್ತಿದ್ದೆವು. ಶೆಡ್ಡು ಒಮ್ಮೆಲೇ ಶಾಂತವಾಯಿತು. ಡಬ್ಬಿಯಿಂದ ತಂತಿ ಎಳೆದು ಮತ್ತೆ ಚುಚ್ಚಿದೆ. ಟಕ್ ಎನ್ನಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಇಲ್ಲ. ನಲವತ್ತು ವರ್ಷ ಹೊಸಬರಿಗೆಲ್ಲ ಟಕ್ ಕೇಳಿಸಿಕೊಳ್ಳಿ ಎಂದು ಹೇಳಿಕೊಟ್ಟವಳು, ಗಿರಣಿಯ ಸದ್ದಿನಲ್ಲಿ ಕೇಳದಿದ್ದುದನ್ನು ಕೇಳಿದಂತೆಯೇ ಎಣಿಸಿದ್ದೆ.

ಟಾರ್ಚ್ ಹಿಡಿದು ತೂತಿನೊಳಗೆ ನೋಡಿದೆ. ಚಿನ್ನದ ಬಣ್ಣದ ಎಂಟು ಸಣ್ಣ ತಂತಿ ಸಾಲಾಗಿ ಹೊಳೆಯಬೇಕಿತ್ತು. ಕಂಡದ್ದು ಬಿಳಿಯ ಗಾರೆ. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ.

"ಇದನ್ನ ಯಾರ ಬಡದಾರ ಇಲ್ಲೆ?" ನನ್ನ ದನಿ ಏರಿತ್ತು. "ಇದೇನ್ ಗೋಡೇನ? ಡಬ್ಬಿ ಮುಟ್ಟಬ್ಯಾಡ್ರಿ ಅಂತ ಎಷ್ಟ್ ಸಲ ಹೇಳೇನಿ?"

ಮಿಸ್ತ್ರಿ ಶೆಡ್ಡಿನ ತಗಡು ನೋಡತೊಡಗಿದ.

"ಹೇಳಪಾ, ಯಾರ ಹಚ್ಚಿದ್ದು?"

"ನಾ ಹೆಂಗ್ ಹೇಳ್ಲಿರಿ, ಬಾಯಾರ…"

"ನಾ ಹೇಳ್ತೇನಿ" ಎಂದಳು ಅಕ್ಕ. "ಮಾರ್ನಮಿ ದಿನಾ ಗಿರಣಿಯವ್ರು ನಮ್ಮಿಬ್ಬರನ್ನೂ ಹೋಳಿಗಿ ಊಟಕ್ಕ ಕರದಿದ್ರಲ್ಲ? ಹಿರ್ಯಾರು, ಮಷಿನ್ ಕುಂದರಿಸಿದವ್ರು ಅಂತ ವಿಭೂತಿ ತಾಟು ಯಾರ ಕೈಯಾಗ ಕೊಟ್ರು? ಈ ಪಾಪದವ ಹಚ್ಚಾಕ ಬಂದ್ರ, ಕೈ ತೊಳದಿಲ್ಲ ನೀ, ಸರಿ ಆಚೆ, ಅಂದಾಕಿ ಯಾರು? ಮೂರು ಬೆರಳ ತೊಯ್ಸಿ, ಈ ತುದಿಯಿಂದ ಆ ತುದಿತನಕ, ಅಳತಿ ಹಿಡದಂಗ ಎಳದಿಯಲ್ಲವ್ವಾ ತಂಗೀ. ನೋಡ, ಇನ್ನೂ ಐತಿ."

ಡಬ್ಬಿಯ ಬದಿಯಲ್ಲಿ ಮೂರು ಗೆರೆ ಮಾಸಿ ಉಳಿದಿದ್ದವು. ನೇರವಾಗಿದ್ದವು, ಸಮ ಅಂತರ. ನಡುವಿನ ಗೆರೆ ಸರಿಯಾಗಿ ತೂತಿನ ಮೇಲೆ ಹಾದಿತ್ತು. ಒದ್ದೆ ವಿಭೂತಿ ಒಳಗೆ ಇಳಿದು ಒಂದು ತಿಂಗಳಲ್ಲಿ ಸುಣ್ಣದಂತೆ ಗಟ್ಟಿಯಾಗಿತ್ತು. ಬೆಳಿಗ್ಗೆಯಿಂದ ನಾನು ಎರಡು ತಂತಿಗಳಿಂದ ಅದನ್ನು ಇನ್ನೂ ಒಳಕ್ಕೆ ಜಡಿದಿದ್ದೆ.

ಮಿಸ್ತ್ರಿಗೆ ತಪ್ಪಾಯಿತು ಎಂದೆ. ಅವನು "ಇರ್ಲಿ ಬಿಡ್ರಿ, ದೇವರ ಕೆಲಸ" ಎಂದು ಚಹಾ ತರಲು ಹೋದ. ಅವನು ಹೋದ ಮೇಲೆ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ಬೇಗ ನಿಂತಿತು. ಎದ್ದು ಮತ್ತೊಂದು ಚೀಲಕ್ಕೆ ಕೈ ಹಾಕಿದಳು.

"ಕಾವು ಏರಾಕತ್ತೈತಿ. ಏನ್ ಮಾಡತಿ ಲಗೂನ ಮಾಡ."

ಆ ಲಾಟು ಖಾಲಿ ಮಾಡಿಸಿ ಬೋರ್ಡಿಗೆ ಹೋಗುವ ವಿದ್ಯುತ್ ಆರಿಸಿದೆ. ನನ್ನ ಚೀಲದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿ ಇದ್ದವು. ಆದರೆ ಆ ಎಂಟು ಎಳೆಗಳು ಕೂದಲಿನಷ್ಟು ಸಣ್ಣ ಸ್ಪ್ರಿಂಗು. ಬಾಗಿದರೆ ಮುಗಿಯಿತು. ನನ್ನ ಬಲಗೈ ಈಚೆಗೆ ಸ್ವಲ್ಪ ಅದುರುತ್ತದೆ. ಅಕ್ಕ ನೋಡಿದಳು, ಕಸಬರಿಗೆಯಿಂದ ಒಂದು ಕಡ್ಡಿ ಮುರಿದಳು. ಇಂದಿಗೂ ಕೌದಿ ಹೊಲಿಯುವವಳು, ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ನಾನು ಟಾರ್ಚ್ ಹಿಡಿದೆ. ಅವಳು ಕಡ್ಡಿಯ ತುದಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಒಂದೊಂದು ಎಳೆಯ ನಡುವೆ ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ ಎಳೆದಳು.

"ಒಂದು. ಎರಡು. ಅಳಗ್ಯಾಡಬ್ಯಾಡ, ಬೆಳಕ ನೆಟ್ಟಗ ಹಿಡಿ."

"ಹಿಡದೇನಿ."

"ಮೂರು. ಹಿಡಿದಿಲ್ಲ ನೀ."

ಎಂಟು ಎಳೆಗೆ ಇಪ್ಪತ್ತು ನಿಮಿಷ. ಒಣ ಹತ್ತಿಯಿಂದ ಒರೆಸಿ, ಗಾಳಿ ಊದಿ, ಸ್ಪಿರಿಟ್ ಆರಲು ಇನ್ನೈದು ನಿಮಿಷ ಬಿಟ್ಟೆ. ಆಗ ಗಿರಣಿ ಮತ್ತೆ ಶುರುವಾಗಲಿತ್ತು. ಎರಡು ನಿಮಿಷ ತಡೆಯಿರಿ ಎಂದು ಹೇಳಿಬರಲು ಮಿಸ್ತ್ರಿಯನ್ನು ಓಡಿಸಿದೆ. ತಂತಿ ಚುಚ್ಚಿದೆ.

ಟಕ್.

"ಕೇಳ್ತು" ಎಂದಳು ಅಕ್ಕ.

ವಿದ್ಯುತ್ ಹಾಕಿದೆ. ಬೋರ್ಡು ಏಳಲು ಒಂದು ನಿಮಿಷ ಬೇಕು. ಹಸಿರು ದೀಪ ಹತ್ತಿತು. ಪಿಂಗ್ ಕಳಿಸಿದೆ. ಐವತ್ತನೆಯ ಮನೆಯಿಂದ ಉತ್ತರ ಸಾಲುಸಾಲಾಗಿ ಬರತೊಡಗಿತು. ಎಸ್‌ಎಸ್‌ಎಚ್ ಆದೇಶ ಕೊಟ್ಟೆ. ಅದು ನಮ್ಮನ್ನು ಬೋರ್ಡಿನ ಒಳಕ್ಕೆ ಕರೆದುಕೊಳ್ಳುವ ಆದೇಶ. ಒಳಗಿನಿಂದ ಪಾಸ್‌ವರ್ಡ್ ಕೇಳಿತು. ಬರೆಯತೊಡಗಿದೆ.

"ಬರದದ್ದು ಒಂದೂ ಮೂಡವಲ್ದಲ್ಲ!" ಅಕ್ಕ ಗಾಬರಿಯಾದಳು. "ಮತ್ತೇನ್ ಕೆಡ್ತು?"

"ಏನೂ ಕೆಟ್ಟಿಲ್ಲ. ಇದನ್ನ ಬರಿಯೂವಾಗ ಯಾರಿಗೂ ತೋರಸಂಗಿಲ್ಲ ಅದು."

"ನನಗೂ?"

"ನನಗೂ ತೋರಸಂಗಿಲ್ಲ."

ಬಾಗಿಲು ತೆರೆಯಿತು. ಶಾಖ ಬರೆದಿಟ್ಟ ಕಡತದಲ್ಲಿ ಐವತ್ತೈದು ಅಳಿಸಿ ನಲವತ್ತು ಬರೆದೆ. ಉಳಿಸಿದೆ. ಉಳಿದಿದೆಯೇ ಎಂದು ಮತ್ತೆ ತೆರೆದು ನೋಡಿದೆ. ಡ್ರೈಯರ್ ನಡೆಸುವ ಕಾರ್ಯಕ್ರಮವನ್ನು ಹೊಸದಾಗಿ ಶುರು ಮಾಡಿದೆ. ಬೋರ್ಡು ಹೇಳಿದ್ದನ್ನಷ್ಟೇ ನಂಬುವವಳಲ್ಲ ನಾನು, ನನ್ನದೇ ಉಷ್ಣಮಾಪಕವನ್ನು ಗಾಳಿ ಬರುವ ಬಾಯಿಗೆ ಕಟ್ಟಿ ಹದಿನೈದು ನಿಮಿಷ ಕಾದೆ. ಮೂವತ್ತೊಂಬತ್ತೂವರೆ. ಅಕ್ಕ ತನ್ನ ಮುಂಗೈ ಒಡ್ಡಿ ನೋಡಿ, "ಹಾಕ್ರಿ" ಎಂದಳು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮೊದಲ ಚೀಲ ಒಳಗೆ ಹೋಯಿತು.

ಮಧ್ಯಾಹ್ನ ಮಾಡುವುದೇನೂ ಇರಲಿಲ್ಲ, ಆದ್ದರಿಂದ ಮಾಡಬೇಕಾದದ್ದನ್ನು ಮಾಡಿದೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಆ ತೂತಿಗೆ ಬಿಗಿಯಾದ ಮುಚ್ಚಳ ಮಾಡಿದೆ, ಉಳಿದ ಹತ್ತು ಡಬ್ಬಿಗಳಿಗೂ ಹತ್ತು ಮುಚ್ಚಳ ಕತ್ತರಿಸಿಟ್ಟೆ. ಅವುಗಳಲ್ಲಿ ಏಳಕ್ಕೆ ಆ ಹಬ್ಬದ ವಾರದಲ್ಲಿ ನಾನೇ ವಿಭೂತಿ ಹಚ್ಚಿದ್ದೆ. ಅರ್ಧ ಗಂಟೆಗೊಮ್ಮೆ ಶಾಖ ಬರೆದುಕೊಂಡೆ. ಒಮ್ಮೆಯೂ ನಲವತ್ತು ದಾಟಲಿಲ್ಲ. ಅಕ್ಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದಳು, ಮಿಸ್ತ್ರಿಗೆ ಮೊದಲು ಕೊಟ್ಟಳು.

ವಹಿಯಲ್ಲಿ ದೋಷದ ಕಾರಣ ಬರೆಯುವಾಗ ಅವಳು ಭುಜದ ಮೇಲಿಂದ ಇಣುಕಿದಳು.

"ಏನ್ ಬರದಿ?"

"ತೂತಿನಲ್ಲಿ ಹೊರಗಿನ ವಸ್ತು ಸೇರಿದ್ದರಿಂದ ಸಂಪರ್ಕ ಇಲ್ಲ."

"ಹೊರಗಿಂದ ಅದು ತಾನ ನಡಕೊಂತ ಬಂತೇನು?"

ಅದನ್ನು ಹೊಡೆದು ಹಾಕಿ, 'ವಿಭೂತಿ. ಹಚ್ಚಿದವಳು ನಾನು' ಎಂದು ಬರೆದು ಸಹಿ ಮಾಡಿದೆ. ಮಿಸ್ತ್ರಿಗೂ ಓದಿ ಹೇಳಿದೆ.

ಏಳಕ್ಕೆ ಅಕ್ಕ ಡ್ರೈಯರಿನ ಕೆಳಗಿನಿಂದ ಒಂದು ಕಾಳು ತೆಗೆದು ಹಲ್ಲಿಗೆ ಹಾಕಿದಳು. ಮಧ್ಯಾಹ್ನ ಮೂರಕ್ಕೆ ಅದು ಮೆತ್ತಗೆ ನುಗ್ಗಾಗಿತ್ತು, ಐದಕ್ಕೆ ತುಸು ಗಟ್ಟಿಯಾಗಿದ್ದರೂ ಮುರಿದಿರಲಿಲ್ಲ. ಈ ಸಲ ಕಟ್ ಎಂದು ಎರಡಾಯಿತು. ತೇವದ ಮಾಪಕ ತೋರಿಸಿದ್ದೂ ಅದನ್ನೇ. ಬೆಂಕಿ ಆರಿಸಿ, ಚೀಲಕ್ಕೆ ತುಂಬಿಸಿ, ಬಾಯಿ ಹೊಲಿಸಿದೆವು. ಹದಿನಾಲ್ಕು ಚೀಲ ಹೋಗಿ ಹನ್ನೆರಡೂವರೆ ಆಗಿತ್ತು, ಹೋದದ್ದೆಲ್ಲ ನೀರು.

ಒಣಗಿದ್ದು ಗೊತ್ತಾಯಿತು. ಬದುಕಿದೆಯೇ ಎಂಬುದು ಹಲ್ಲಿಗೂ ಮಾಪಕಕ್ಕೂ ತಿಳಿಯದು. ಅದಕ್ಕೆ ಆರು ದಿನ ಬೇಕು. ಅದರ ಪುಟ ವಹಿಯಲ್ಲಿ ಮುಂದೆ ಬರುತ್ತದೆ: ನೂರಕ್ಕೆ ತೊಂಬತ್ತೆರಡು ಮೊಳೆತವು, ಎಂಟೂ ಮನೆಗೆ ಬೀಜ ಸಾಕು. ಆದರೆ ಆ ಸಂಜೆ ನಮಗೆ ಅದು ಗೊತ್ತಿರಲಿಲ್ಲ. ಅಕ್ಕ ಹಳೆಯ ಪಂಚೆಯ ತುಂಡು ತೋಯಿಸಿ ಹಾಸಿದಳು. ನಾನು ನೂರು ಕಾಳು ಎಣಿಸಿ ಹತ್ತರ ಹತ್ತು ಸಾಲಿನಲ್ಲಿ ಇಟ್ಟೆ. ಅವಳು ಒಂದು ಕಾಳೂ ಸರಿಯದಂತೆ ಸುರುಳಿ ಸುತ್ತಿದಳು. ಏಳೂ ನಲವತ್ತಕ್ಕೆ ವಾರ, ಗಂಟೆ, ನಲವತ್ತು ಡಿಗ್ರಿ ಎಂದು ಚೀಟಿ ಬರೆದು, ಸುರುಳಿಗೆ ದಾರದಿಂದ ಕಟ್ಟಿ, ಗಂಟು ಬಿಗಿದು ಅವಳ ಕೈಗೆ ಕೊಟ್ಟೆ.