ಕೋಸಿಮೊ ಮೇಸ್ತ್ರಿಯ ಎಣ್ಣೆ

ಮಿರೆಲ್ಲಾ ಇಟಲಿಯ ಕೊಸೆಂಜಾ ಊರಿನ ಕಾಲೇಜಿಗೆ ಸಂಶೋಧನೆಗೆಂದು ಬಂದು ಯಂತ್ರಶಾಲೆಗೆ ಮೊದಲು ಕಾಲಿಟ್ಟ ದಿನ, ಅಲ್ಲಿನ ಕೋಸಿಮೊ ಮೇಸ್ತ್ರಿ ಯಂತ್ರಕ್ಕೆ ಹಾಕುವ ಎಣ್ಣೆಯಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ.

"ಗಾಬರಿಯಾಗ್ಬೇಡಿ ಡಾಕ್ಟ್ರಮ್ಮ, ನಮ್ಮ ತೋಟದ ಆಲಿವ್ ಎಣ್ಣೆ. ನಾನು ಬಾಯಿಗಿಡದೇ ಇರೋದನ್ನ ನನ್ನ ಯಂತ್ರಕ್ಕೂ ಹಾಕಲ್ಲ."

ಆ ಯಂತ್ರದ ಕೆಲಸ ನೋಡಲು ಸರಳ. ಚೌಕಟ್ಟಿಗೆ ಬಿಗಿದ ತೆಳು ಲೋಹದ ಹಾಳೆಯ ಮೇಲೆ ಗುಂಡು ತುದಿಯ ಉಕ್ಕಿನ ಕಡ್ಡಿಯೊಂದು ಸುತ್ತುತ್ತ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಕೆಳಗೆ ಒತ್ತುತ್ತ ಹೋಗುತ್ತದೆ. ಅಚ್ಚಿಲ್ಲದೆಯೇ ಬಟ್ಟಲು ಮೂಡುತ್ತದೆ. ಕಡ್ಡಿ ಜಾರಲು ಎಣ್ಣೆ ಬೇಕು. ಮೇಸ್ತ್ರಿ ಹೀಗೆ ನೂರಾರು ಅಲ್ಯೂಮಿನಿಯಂ ಬಟ್ಟಲು ಮಾಡಿದ್ದ. ಆದರೆ ಮಿರೆಲ್ಲಾ ತಂದದ್ದು ಬಿಳಿಯ ಪ್ಲಾಸ್ಟಿಕ್ ಹಾಳೆಗಳನ್ನು. ಗುರುವಾರ ಕಾಲೇಜಿನ ಯಂತ್ರಗಳನ್ನು ಪರಿಶೀಲಿಸುವ ಸಮಿತಿಯವರು ಬರುವುದಿತ್ತು. ಅವರೆದುರು ಒಂದು ಬಟ್ಟಲಾದರೂ ನೆಟ್ಟಗೆ ಬರದಿದ್ದರೆ ಯಂತ್ರವನ್ನು ಬೇರೆ ಊರಿಗೆ ಸಾಗಿಸುತ್ತೇವೆಂದು ಪತ್ರವೇ ಬಂದಿತ್ತು.

ಸೋಮವಾರ ಮೊದಲ ಹಾಳೆಯ ಮೇಲೆ ಮೇಸ್ತ್ರಿ ಧಾರಾಳವಾಗಿ ಎಣ್ಣೆ ಸುರಿದ. ಅರ್ಧಕ್ಕೆ ಬರುವಷ್ಟರಲ್ಲಿ ಜೇಡರ ಬಲೆಯಂತೆ ಬಿರುಕು ಹಬ್ಬಿ ಹಾಳೆ ಸೀಳಿತು.

"ನಿಮ್ಮೆಣ್ಣೆ ಒಳಗಿಳಿದು ಪ್ಲಾಸ್ಟಿಕ್ಕನ್ನ ಒಡೀತಿದೆ, ಮೇಸ್ತ್ರಿ."

"ನಮ್ಮೆಣ್ಣೆ ಇವತ್ತಿನವರೆಗೂ ಯಾರ ಹೊಟ್ಟೇನೂ ಕೆಡಿಸಿಲ್ಲ."

"ಇದಕ್ಕೆ ಹೊಟ್ಟೇನೇ ಇಲ್ವಲ್ಲ."

ಮೇಸ್ತ್ರಿ ಮುಖ ಊದಿಸಿಕೊಂಡ. ಎಣ್ಣೆಯಿಲ್ಲದೆ ಎರಡನೆಯ ಹಾಳೆ ಹಾಕಿದರು. ಉಜ್ಜುವ ಬಿಸಿಗೆ ಅದು ಮೆತ್ತಗಾಗಿ ಕಡ್ಡಿಯ ತುದಿಗೆ ಅಂಟಿಕೊಂಡಿತು. ಮೂರನೆಯದಕ್ಕೆ ಬರೀ ನೀರು ಬಿಟ್ಟರು. ಹಾಳೆ ತಣ್ಣಗಿತ್ತು, ಆದರೆ ಕಡ್ಡಿ ಜಾರದೆ ಕಿರುಗುಟ್ಟುತ್ತ ಕೆರೆದುಹಾಕಿತು. ಇನ್ನು ಉಳಿದದ್ದು ಒಂದೇ ಹಾಳೆ.

ಬುಧವಾರ ಸಂಜೆ ಮನೆಯಲ್ಲಿ ಕೈ ತೊಳೆಯುವಾಗ ಮೇಸ್ತ್ರಿಯ ಕೈಯಿಂದ ಸಾಬೂನು ಜಾರಿ ಮೂಲೆ ಸೇರಿತು. ಅದು ಅವನ ಅತ್ತೆ ಫಿಲೊಮೆನಾ ಪ್ರತಿ ಚಳಿಗಾಲ ಉಳಿದ ಹಳೆಯ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿ ಮಾಡುವ ಸಾಬೂನು. ಅಂಥ ಎಣ್ಣೆಗೆ ಅಂಥ ಗತಿಯೇ ಎಂದು ಮೇಸ್ತ್ರಿ ಅತ್ತೆಯೊಡನೆ ವರ್ಷಗಟ್ಟಲೆ ಜಗಳಾಡಿದ್ದ. ಈಗ ಸಾಬೂನನ್ನೇ ನೋಡುತ್ತ ನಿಂತ.

"ಅತ್ತೆ, ಇದರದ್ದೊಂದು ಗಟ್ಟಿ ಬೇಕಿತ್ತು."

"ಎಣ್ಣೆಗೆ ಅವಮಾನ ಅಂತಿದ್ಯಲ್ಲಪ್ಪ?"

"ಯಂತ್ರ ಹೋಗುತ್ತೆ, ಅತ್ತೆ."

"ಹಾಗಾದ್ರೆ ಎರಡು ತಗೊಂಡ್ಹೋಗು."

ಮಾರನೆಯ ದಿನ ಸಮಿತಿಯವರು ಸಾಲಾಗಿ ನಿಂತಿದ್ದರು. ಮೇಸ್ತ್ರಿ ಬಕೆಟ್ಟಿನಲ್ಲಿ ಸಾಬೂನು ಕರಗಿಸಿ, ಬೆರಳು ಅದ್ದಿ ನಾಲಗೆಗೆ ತಾಕಿಸಿದ. ಮುಖ ಕಿವಿಚಿದ. ಆದರೂ ನಿಯಮ ನಿಯಮವೇ.

"ಏನದು ಬಕೆಟ್ಟಿನಲ್ಲಿ?" ಎಂದರು ಹಿರಿಯರೊಬ್ಬರು.

"ನಮ್ಮ ತೋಟದ ಎಣ್ಣೇನೇ ಸ್ವಾಮಿ. ಸ್ನಾನ ಮಾಡ್ಕೊಂಡು ಬಂದಿದೆ, ಅಷ್ಟೆ."

ಮಿರೆಲ್ಲಾ ಕೊನೆಯ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಸಾಬೂನು ನೀರು ಸುರಿದಳು. ಕಡ್ಡಿ ಸುತ್ತತೊಡಗಿತು. ನೀರು ಬಿಸಿಯನ್ನು ಹೊತ್ತೊಯ್ದಿತು, ಸಾಬೂನು ಕಡ್ಡಿಯನ್ನು ಜಾರಿಸಿತು. ಮುಕ್ಕಾಲು ಗಂಟೆಯಲ್ಲಿ ಗೆರೆಯಷ್ಟೂ ಬಿರುಕಿಲ್ಲದ ಬಿಳಿಯ ಬಟ್ಟಲು ಕೈಗೆ ಬಂತು. ಯಂತ್ರ ಅಲ್ಲಿಯೇ ಉಳಿಯಿತು.

ಮೇಸ್ತ್ರಿ ನಿವೃತ್ತನಾಗಿ ಈಗ ನಾಲ್ಕು ವರ್ಷ. ತೊಂಬತ್ತು ದಾಟಿದ ಅತ್ತೆ ಕುರ್ಚಿಯಲ್ಲಿ ಕುಳಿತು ಬೈಯುತ್ತಾಳೆ. ಅವನು ಕೊಪ್ಪರಿಗೆಯಲ್ಲಿ ಸಾಬೂನು ತಿರುವುತ್ತಾನೆ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಮಿರೆಲ್ಲಾಳ ಯಂತ್ರಶಾಲೆಗೆ ಒಂದು ಪೆಟ್ಟಿಗೆ ಸಾಬೂನು ಬರುತ್ತದೆ. ಅದರಲ್ಲಿ ಮೇಲಿನ ಗಟ್ಟಿಯ ಮೂಲೆಯಲ್ಲಿ ಮಾತ್ರ ಸಣ್ಣದೊಂದು ಹಲ್ಲಿನ ಗುರುತು ಇದ್ದೇ ಇರುತ್ತದೆ.