ಸಣ್ಣಬೀರಯ್ಯ ಬಚ್ಚಿಟ್ಟ ಮಾತು

ಕಟ್ಟೆಮಳಲವಾಡಿಯ ಸಣ್ಣಬೀರಯ್ಯ ಪುಕ್ಕಲನೇನೂ ಅಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಹದಿನೈದು ವರ್ಷ ಬೆಂಕಿಯ ಮುಂದೆ ಕೂತ ಆಸಾಮಿ. ಆದರೆ ಎಪ್ಪತ್ತಮೂರನೆಯ ಇಸವಿಯ ಒಂದು ಮಧ್ಯಾಹ್ನ, ಕಂಕುಳಲ್ಲಿ ದಪ್ಪ ರಿಜಿಸ್ಟರ್ ಇರುಕಿಕೊಂಡು ಕಣ್ಣಿನ ಡಾಕ್ಟರು ತನ್ನ ಜಗಲಿಯತ್ತ ಬರುವುದನ್ನು ಕಂಡಾಗ ಅವನು ಕಂಬದ ಮರೆಗೆ ಸರಿದ.

ಹೆದರಲು ಕಾರಣವಿತ್ತು. ಮೂರು ತಿಂಗಳ ಹಿಂದೆ ಹುಣಸೂರಿನ ಸ್ಕೂಲಿನಲ್ಲಿ ನಡೆದ ಕ್ಯಾಂಪಿನಲ್ಲಿ ಇದೇ ಡಾಕ್ಟರು ಅವನ ಬಲಗಣ್ಣಿನ ಪೊರೆ ತೆಗೆದಿದ್ದರು. ಎಂಟನೇ ದಿನ ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದಾಗ ಡಾಕ್ಟರ ಐದು ಬೆರಳೂ ನಿಚ್ಚಳವಾಗಿ ಕಂಡಿದ್ದವು. "ಇನ್ನೊಂದು ತಿಂಗಳು ಬಗ್ಗಬೇಡಿ, ಭಾರ ಎತ್ತಬೇಡಿ" ಎಂದು ಹೇಳಿ ಕಳಿಸಿದ್ದರು. ಬೀರಯ್ಯ ಚಾಚೂ ತಪ್ಪಲಿಲ್ಲ. ಬಸ್ಸಿನಲ್ಲಿ ಕೈಜಾರಿದ ಬೀಡಿಯನ್ನೂ ಎತ್ತಿಕೊಳ್ಳಲಿಲ್ಲ, ಪುಣ್ಯಾತ್ಮ! ಆದರೆ ಊರ ಬಾಗಿಲಲ್ಲಿ ಇಳಿದವನೇ ಮಾರಮ್ಮನ ಗುಡಿ ಕಂಡು, "ಕಣ್ ಕೊಟ್ಟೆ ನನ್ತಾಯಿ" ಎಂದು ಉದ್ದಕ್ಕೆ ಅಡ್ಡಬಿದ್ದ. ಪರಸ್ಥಳದಿಂದ ಬಂದವರು ಹೊಸ್ತಿಲು ತುಳಿಯುವ ಮೊದಲು ಅಲ್ಲಿ ಬೀಳಲೇಬೇಕು. ಅಮ್ಮನಿಗೆ ಬೀಳುವುದೂ ಬಗ್ಗಿದ ಲೆಕ್ಕವೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಹಣೆ ನೆಲಕ್ಕೆ ತಾಕಿದ್ದೇ ತಡ, ಕಣ್ಣೊಳಗೆ ಪಟಕ್ಕೆಂದಿತು. ಬಿಸಿ ನೀರು ಕೆನ್ನೆಗಿಳಿಯಿತು. ವಾರದೊಳಗೆ ಆ ಕಣ್ಣು ಪೂರಾ ಕತ್ತಲಾಯಿತು.

ಯಾರ ಹತ್ತಿರ ಹೇಳುವುದು? ಅಮ್ಮನಿಗೆ ಬಿದ್ದು ಕಣ್ಣು ಹೋಯಿತೆಂದರೆ ಅಮ್ಮನನ್ನೇ ದೂರಿದಂತೆ. ಅವಳು ಮುನಿದು ಇನ್ನೊಂದನ್ನೂ ಕಿತ್ತುಕೊಂಡರೆ? ಬೀರಯ್ಯ ಬಾಯಿಗೆ ಬೀಗ ಹಾಕಿದ. ಡಾಕ್ಟರೇ ಕೆಡಿಸಿದರೆಂದು ಊರೆಲ್ಲ ಆಡಿಕೊಂಡಿತು, ಇವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನನ್ನು ತಾಯಿಯಂತೆ ಸಾಕಿದ ಅಕ್ಕ ಪುಟ್ಟತಾಯಮ್ಮನಿಗೆ ಎರಡು ಕಣ್ಣಿಗೂ ಪೊರೆ. "ನಿನ್ ಕಣ್ಣು ಕಿತ್ತೋರ ತಾವ ನಾನ್ಯಾಕ್ ಓಗ್ಲಿ, ಬುಡು" ಎಂದು ಆಕೆ ಆಪರೇಷನ್ನಿನ ಮಾತನ್ನೇ ಬಿಟ್ಟಿದ್ದಳು. ಈಗ ಗೋಡೆ ತಡವಿಕೊಂಡು ನಡೆಯುತ್ತಿದ್ದಳು.

ಡಾಕ್ಟರು ಜಗಲಿಯ ಮೇಲೆ ಕೂತರು.

"ಬಯ್ಯೋಕೆ ಬಂದಿಲ್ಲ ಬೀರಯ್ಯ. ನಾವು ಆಪರೇಷನ್ ಮಾಡಿದ ಇನ್ನೂರು ಕಣ್ಣಲ್ಲಿ ಹದಿನಾಲ್ಕು ಹಾಳಾಗಿವೆ. ಯಾಕೆ ಅಂತ ಒಬ್ಬೊಬ್ಬರ ಮನೆಗೂ ಹೋಗಿ ಕೇಳಿ ಬರ್ಕೊಳ್ತಾ ಇದ್ದೀನಿ. ಊರಿಗೆ ಬಂದಮೇಲೆ ಏನಾಯ್ತು?"

"ಏನೂ ಆಗ್ನಿಲ್ಲ ಸ್ವಾಮಿ. ತಂತಾನೇ ಓಯ್ತು."

ಡಾಕ್ಟರು ಬರೆದುಕೊಂಡರು. "ಹಾಗಾದ್ರೆ ತಪ್ಪು ನನ್ನ ಕೈದೇ ಇರಬೇಕು. ಕಾರಣ ತಿಳಿಯದೆ ಇನ್ನೊಂದು ಕ್ಯಾಂಪ್ ಮಾಡೋಕೆ ನನಗೆ ಧೈರ್ಯ ಇಲ್ಲ" ಎಂದು ಎದ್ದುಹೋದರು.

ಅಷ್ಟರಲ್ಲಿ ಒಳಗಿನಿಂದ ಅಕ್ಕ ಚೀರಿದಳು. ಮಡಕೆ ತಡಕುತ್ತ ಕೈಯನ್ನು ಕೆಂಡಕ್ಕೇ ಇಟ್ಟಿದ್ದಳು. "ಒಲೆ ಆರೋಗದೆ ಅಂದ್ಕಂಡೆ ಕಣ್ಲಾ" ಎಂದು ಊದಿದ ಅಂಗೈ ಚಾಚಿದಳು. ಬೀರಯ್ಯ ಓಡಿಹೋಗಿ, ಹೊರಡುತ್ತಿದ್ದ ಡಾಕ್ಟರ ಜೀಪಿನ ಬಾಗಿಲು ಹಿಡಿದ.

"ನಿಮ್ಮ ಕೈ ತಪ್ಪಲ್ಲ ಸ್ವಾಮಿ! ಮಾರಮ್ಮಂಗೆ ಅಡ್ಡಬಿದ್ದೆ, ಅದ್ಕೇ ಓಯ್ತು!" ಎಂದವನು ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ರಿಜಿಸ್ಟರಿನ ಹಾಳೆ ಮಗುಚಿದರು. "ಭೇರ್ಯದ ಕಡೆ ಮೂರು ಜನ ಗುಡಿ ಹತ್ರ ಕಣ್ಣಲ್ಲಿ ನೀರು ಬಂತು ಅಂದಿದ್ರು. ಅಲ್ಲಿ ಏನ್ ಮಾಡಿದ್ರಿ ಅಂತ ನಾನೇ ಕೇಳಲಿಲ್ಲವಲ್ಲ!" ಎಂದು ಹಣೆ ಚಚ್ಚಿಕೊಂಡರು.

ಬಾಗಿಲಿಗೆ ಬಂದು ನಿಂತ ಪುಟ್ಟತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮುಂಚೇನೆ ಬೊಗಳಕ್ಕೆ ಏನಾಗಿತ್ಲಾ ನಿಂಗೆ?" ಎಂದು ಉಗಿದಳು.

ಮುಂದಿನ ಕ್ಯಾಂಪಿನಲ್ಲಿ ಪಟ್ಟಿ ಬಿಚ್ಚುವಾಗ ಡಾಕ್ಟರು ಪ್ರತಿಯೊಬ್ಬರಿಗೂ ಹೇಳಿದರು: ತಿಂಗಳತನಕ ದೇವರಿಗೂ ಬೀಳಬೇಡಿ, ನನಗೂ ಬೀಳಬೇಡಿ. ಒಂದು ಕಣ್ಣಿಗೆ ಆಪರೇಷನ್ ಆಗಿ, ಕನ್ನಡಕ ಹಾಕಿಕೊಂಡ ಅಕ್ಕನನ್ನು ಬೀರಯ್ಯ ಬಸ್ಸಿನಿಂದ ಮೆಲ್ಲಗೆ ಇಳಿಸಿದ. ಗುಡಿ ಎದುರಾಯಿತು. ಅಕ್ಕನ ಕೈಗಳು ತಾವಾಗಿ ಕೂಡಿದವು, ಸೊಂಟ ತಾನಾಗಿ ಬಾಗಿತು. ಬೀರಯ್ಯ ಎರಡೂ ಭುಜ ಹಿಡಿದು ಅವಳನ್ನು ಬೇವಿನ ಮರಕ್ಕೆ ಒರಗಿಸಿದ.

"ಬ್ಯಾಡ ಕಣಕ್ಕ! ನಿಂತ್ಕಂಡೇ ಕೈ ಮುಗಿ."

"ಅಮ್ಮ ಮುನುಸ್ಕಂಡ್ರೆ?"

ಅವನ ಎದೆಯಲ್ಲಿ ಇದ್ದದ್ದೂ ಅದೇ ಭಯ. ತಾನೇ ಉದ್ದಕ್ಕೆ ಅಡ್ಡಬಿದ್ದ, ಎದ್ದ. ಮತ್ತೆ ಬಿದ್ದ. "ಇದು ನಮ್ಮಕ್ಕನ ಪಾಲಿಂದು ತಾಯಿ. ಮುನಿಯಂಗಿದ್ರೆ ನನ್ ಮ್ಯಾಲೆ ಮುನಿ." ಹಣೆ ಮಣ್ಣಿನಲ್ಲಿಟ್ಟವನಿಗೆ ತಲೆ ಎತ್ತಲು ಧೈರ್ಯ ಬರಲಿಲ್ಲ.

"ಎದ್ದೇಳ್ಲಾ," ಎಂದಳು ಅಕ್ಕ ಮೇಲಿನಿಂದ, "ನಿನ್ ಅಂಗಿ ಬೆನ್ನತ್ರ ಅರ್ದೋಗದೆ."