ದಬ್ಬಳದಮ್ಮ ಹೊಲಿದ ಕೊನೆಯ ಕಡತ

ನಮ್ಮ ದೊಡ್ಡಮ್ಮನನ್ನು ಊರೆಲ್ಲ ದಬ್ಬಳದಮ್ಮ ಎಂದೇ ಕರೆಯುತ್ತಿತ್ತು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪುಸ್ತಕ ಹೊಲಿದ ಕೈ ಅದು. ಮಹಾಯುದ್ಧ ಮುಗಿದು, ಹತ್ತಾರು ದೇಶಗಳು ಸೇರಿ ನಮ್ಮ ಹಳೇ ಶಾಲೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತೆರೆದಾಗ, ಕಡತ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತು. ಹೇಳಿಕೆ, ಫೋಟೋ, ನಕ್ಷೆ ಜೋಡಿಸಿ, ಮೂರು ತೂತು ಹಾಕಿ, ಮೇಣ ಸವರಿದ ದಾರ ಎಳೆದು ಗಂಟು ಬಿಗಿದಳೆಂದರೆ ಒಂದು ಹಾಳೆ ಕೀಳುವುದೂ ಯಾರಪ್ಪನಿಂದಲೂ ಆಗುತ್ತಿರಲಿಲ್ಲ.

ಆ ರಾಶಿಯಲ್ಲಿ ದೊಡ್ಡಪ್ಪನ ಕಾಗದಗಳೂ ಇದ್ದವು. ಬಸ್ ಓಡಿಸುತ್ತಿದ್ದ ಮನುಷ್ಯ. ಯುದ್ಧದಲ್ಲಿ ಸೈನಿಕರು ಸೇತುವೆಯ ಮೇಲೆ ಬಸ್ ತಡೆದು, ಅವನನ್ನೂ ಇನ್ನು ಕೆಲವರನ್ನೂ ಇಳಿಸಿಕೊಂಡು ಹೋದರು, ಅವನು ಮತ್ತೆ ಬರಲಿಲ್ಲ. ಇಳಿಸಿದ ಅಧಿಕಾರಿ ಯಾರೆಂದು ಹನ್ನೊಂದು ಪ್ರಯಾಣಿಕರು ಹೆಸರು ಹಿಡಿದು ಹೇಳಿದ್ದರು. ಆ ಅಧಿಕಾರಿಯೂ ಸಿಕ್ಕಿಬಿದ್ದು ಊರಿನ ಜೈಲಿನಲ್ಲೇ ಇದ್ದ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ "ಎಲ್ಲಿ ಹೂತೆ?" ಎಂದು ಕೇಳಬೇಕು. ದೊಡ್ಡಮ್ಮನಿಗೆ ಬೇಕಿದ್ದುದು ಅಷ್ಟೇ.

ಹೊಲಿದ ಕ್ರಮದಲ್ಲೇ ಕಡತಗಳು ವಿಚಾರಣೆಗೆ ಹೋಗುತ್ತಿದ್ದವು. ಸರದಿ ಅವಳ ಕೈಯಲ್ಲೇ ಇತ್ತೆಂದಾಯಿತು.

"ದೊಡ್ಡಪ್ಪಂದು ಮೊದಲು ಹೊಲಿದು ಕಳಿಸು ದೊಡ್ಡಮ್ಮ. ಯಾರು ನೋಡ್ತಾರೆ?" ಎಂದೆ.

"ನಾನು ನೋಡ್ತೀನಲ್ಲೇ! ಸೇತುವೆ ಮೇಲೆ ತಮಗೆ ಬೇಕಾದೋರನ್ನ ಆರಿಸಿ ಬಿಟ್ಟು, ಬೇಡದೋರನ್ನ ಇಳಿಸ್ಕೊಂಡ್ರು. ನಾನೂ ನನ್ನೋರು ಅಂತ ಆರಿಸಲಾ? ನಮ್ಮದು ಕೊನೇಲಿ ಬರ್ಲಿ. ನ್ಯಾಯಾಲಯ ಎಲ್ಲಿಗೂ ಓಡಿಹೋಗಲ್ಲ."

ನ್ಯಾಯಾಲಯ ಓಡಿಯೇ ಹೋಯಿತು. ಸೋತವರನ್ನು ವಿಚಾರಿಸುವವರೆಗೆ ದೊಡ್ಡ ದೇಶಗಳಿಗೆ ನ್ಯಾಯದ ಮೇಲೆ ಎಲ್ಲಿಲ್ಲದ ಪ್ರೀತಿ. ನಾಲ್ಕನೇ ವರ್ಷ ಗೆದ್ದವರ ಹೆಸರೂ ಹೇಳಿಕೆಗಳಲ್ಲಿ ಬಂದದ್ದೇ ತಡ, ಆ ದೇಶಗಳವರು ಒಬ್ಬೊಬ್ಬರೇ ಮೆಲ್ಲಗೆ ಜಾರಿಕೊಂಡರು. ಮುಂದೆ ಇದಕ್ಕಿಂತ ದೊಡ್ಡ ನ್ಯಾಯಾಲಯ ಬರುತ್ತದೆ, ಆಗ ಎಲ್ಲ ಕಡತ ತೆರೆಯುತ್ತೇವೆ ಎಂದು ನಮ್ಮ ಮೂಗಿಗೆ ತುಪ್ಪ ಸವರಿ ಗಂಟುಮೂಟೆ ಕಟ್ಟಿದರು. ವಿಚಾರಣೆಯಿಲ್ಲದೆ ಹಿಡಿದಿಡುವಂತಿಲ್ಲವೆಂದು ಜೈಲಿನ ಬಾಗಿಲೂ ತೆರೆಯಿತು. ಆ ಅಧಿಕಾರಿ ತಲೆ ಬಾಚಿಕೊಂಡು ಹೊರಗೆ ಬಂದದ್ದನ್ನು ನಾನೇ ಕಂಡೆ.

ಉಳಿದ ಕಾಗದಗಳನ್ನು ಉಗ್ರಾಣಕ್ಕೆ ಹಾಕಲು ಹೊಲಿದು ಕೊಡಬೇಕಿತ್ತು. ಕೊನೆಯ ದಿನ ದೊಡ್ಡಮ್ಮ ದೊಡ್ಡಪ್ಪನದನ್ನು ಹೊಲಿದಳು. ಬೀಳ್ಕೊಡಲು ಬಂದ ನ್ಯಾಯಾಧೀಶರು ದಾರ ಎಳೆದು ನೋಡಿ ಮೆಚ್ಚಿಕೊಂಡರು. ಅವರ ಮಾತನ್ನು ದುಭಾಷಿ ತಿಳಿಸಿದ: "ನಿಮ್ಮ ಹೊಲಿಗೆ ನೂರು ವರ್ಷ ಬಾಳುತ್ತಂತೆ ಅಮ್ಮ."

"ಇದು ಬಾಳುತ್ತೆ ಸ್ವಾಮಿ. ಹೂತೋನು ಬಾಳಲ್ಲ, ಕಾಯೋಳೂ ಬಾಳಲ್ಲ. ಆಗ ಯಾರನ್ನ ಕೇಳ್ತೀರಿ?"

ದುಭಾಷಿ ಅದನ್ನು ಅವರಿಗೆ ಹೇಳಲಿಲ್ಲ. ಹೊರಗೆ ಕಾರು ಕಾಯುತ್ತಿತ್ತು.

ಮನೆಗೆ ಬಂದು ದೊಡ್ಡಮ್ಮ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ದಬ್ಬಳ ಹಾಗೇ ಇತ್ತು.

"ನಿಮ್ಮ ದೊಡ್ಡಪ್ಪಂದು ಮೊದಲೇ ಹೊಲೀಬೇಕಿತ್ತು ಕಣೇ," ಎಂದಳು.